ಬ್ಯಾಗಿನಲ್ಲಿ ಗುಲಾಬಿ ಸಿಕ್ಕಿದರೆ ಎಂಥ ಮಾಡುವುದು?

ಫೆಬ್ರವರಿ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಲೆಕ್ಕ ಶುರುವಾಗುತ್ತದೆ. ಒಂದು ದೊಡ್ಡವರದ್ದು. ಎಸೆಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಯಾವಾಗ, ಪಿಯುಸಿ ಪ್ರಾಕ್ಟಿಕಲ್ ಮುಗಿಯಿತಾ, ಟ್ಯೂಷನ್ ಫೀಸು ಕಟ್ಟಿ ಆಯಿತಾ ಎಂಬ ಲೆಕ್ಕ. ಇನ್ನೊಂದು ಮಕ್ಕಳದ್ದು. ಏಳಕ್ಕೆ ರೋಸ್ ಡೇ, ಎಂಟಕ್ಕೆ ಪ್ರಪೋಸ್ ಡೇ, ಒಂಬತ್ತಕ್ಕೆ ಚಾಕಲೇಟ್ ಡೇ, ಹತ್ತಕ್ಕೆ ಟೆಡ್ಡಿ ಡೇ, ಹನ್ನೊಂದಕ್ಕೆ ಪ್ರಾಮಿಸ್ ಡೇ, ಹೀಗೆ ಹದಿನಾಲ್ಕರವರೆಗೆ. ಮೊದಲನೆಯ ಲೆಕ್ಕ ಊಟದ ಹೊತ್ತಿಗೆ ಎಲ್ಲರ ಎದುರು ನಡೆಯುತ್ತದೆ. ಎರಡನೆಯದು ಫೋನಿನೊಳಗೆ ನಡೆಯುತ್ತದೆ, ದೊಡ್ಡವರು ಹತ್ತಿರ ಬಂದರೆ ಸ್ಕ್ರೀನ್ ಆಫ್ ಆಗುತ್ತದೆ.

ಮಕ್ಕಳು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ ವಾಕ್ಯದ್ದು: ‘ಅದೆಲ್ಲ ನಮಗಲ್ಲ.’ ಉತ್ತರ ತಪ್ಪು ಎಂದು ನಾವು ಹೇಳುವುದಿಲ್ಲ. ಆ ದಿನವನ್ನು ಆಚರಿಸದಿರುವುದು ಪ್ರತಿ ಮನೆಯ ಹಕ್ಕು. ನಮ್ಮ ಸಮುದಾಯದ ಹೆಚ್ಚಿನ ಮನೆಗಳಲ್ಲಿ ಅದನ್ನು ಆಚರಿಸುವುದಿಲ್ಲ, ಮುಂದೆಯೂ ಆಚರಿಸಲಿಕ್ಕಿಲ್ಲ. ಆದರೆ ಆ ವಾಕ್ಯದೊಂದಿಗೆ ಮಾತೇ ಮುಗಿದುಹೋಗುತ್ತದಲ್ಲ, ಕಷ್ಟ ಇರುವುದು ಅಲ್ಲಿ. ಮನೆಯಲ್ಲಿ ಆಚರಣೆ ಇಲ್ಲ ಎಂದ ಮಾತ್ರಕ್ಕೆ ತರಗತಿಯಲ್ಲಿ, ಬಸ್ಸಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಅದು ಇಲ್ಲವಾಗುವುದಿಲ್ಲ. ಮಗು ಅಲ್ಲಿ ಅದನ್ನು ಎದುರಿಸಲೇಬೇಕು. ಒಬ್ಬಂಟಿಯಾಗಿ ಎದುರಿಸಬೇಕಾ, ಉಮ್ಮ ಉಪ್ಪನ ಜೊತೆಗಿದ್ದು ಎದುರಿಸಬೇಕಾ ಎನ್ನುವುದಷ್ಟೇ ಪ್ರಶ್ನೆ.

ಮೊದಲು ಆ ದಿನ ಏನು ಎಂದು ನಾವೇ ತಿಳಿದುಕೊಳ್ಳುವುದು ಒಳ್ಳೆಯದು. ವ್ಯಾಲಂಟೈನ್ ಎಂಬ ರೋಮಿನ ಸಂತನ ಬಗ್ಗೆ ಇರುವ ಕಥೆಗಳಲ್ಲಿ ಇತಿಹಾಸಕ್ಕಿಂತ ದಂತಕಥೆಯೇ ಹೆಚ್ಚು. ಕ್ಯಾಥೊಲಿಕ್ ಚರ್ಚ್ ಕೂಡ 1969ರಲ್ಲಿ ತನ್ನ ಸಾಮಾನ್ಯ ಪಂಚಾಂಗದಿಂದ ಆ ಸಂತನ ಹಬ್ಬವನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಿ ಅದು ಹರಡಿದ್ದು 1991ರ ಉದಾರೀಕರಣದ ನಂತರ, ಕೇಬಲ್ ಟಿವಿ ಮತ್ತು ಗ್ರೀಟಿಂಗ್ ಕಾರ್ಡಿನ ಅಂಗಡಿಗಳ ಜೊತೆ. ಒಂದು ದಿನ ವ್ಯಾಪಾರಕ್ಕೆ ಸಾಲದೆ ಹೋದಾಗ ಅದು ಒಂದು ವಾರವಾಯಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮತ್ತು ಗಡಿಯಾಚೆಯ ಹೊಸೂರಿನ ಪಾಲಿಹೌಸ್‌ಗಳಲ್ಲಿ ‘ತಾಜ್‌ಮಹಲ್’ ಎಂಬ ಕೆಂಪು ಗುಲಾಬಿ ಬೆಳೆಯುವ ರೈತರು ಫೆಬ್ರವರಿ ಮೊದಲ ವಾರಕ್ಕೆ ಹೂ ಸಿಗುವಂತೆ ತಿಂಗಳುಗಳ ಮೊದಲೇ ಗಿಡ ಸವರುತ್ತಾರೆ. ಹೂ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹೊರದೇಶಕ್ಕೂ ಹೋಗುತ್ತದೆ, ಬಸ್ಸು ಲಾರಿಯಲ್ಲಿ ನಮ್ಮ ಊರಿಗೂ ಬರುತ್ತದೆ. ಆ ವಾರ ಒಂದು ಹೂವಿನ ದರ ಏರಿ ನಿಲ್ಲುವುದು ಯಾಕೆ ಎಂದು ಮಕ್ಕಳಿಗೆ ಹೇಳಿಕೊಡಿ. ‘ಗುಲಾಬಿ ಕೊಡದವನಿಗೆ ಪ್ರೀತಿ ಇಲ್ಲ’ ಎಂಬ ಮಾತಿನ ಹಿಂದೆ ಗುಲಾಬಿ ಮಾರುವವನ ಲೆಕ್ಕ ಇದೆ ಎಂದು ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಇನ್ನು ಈ ದಿನವನ್ನು ತಡೆಯಲು, ಬದಲಿಸಲು ನಡೆದ ಪ್ರಯತ್ನಗಳ ಕಡೆ ನೋಡುವಾ. ಪಾಕಿಸ್ತಾನದಲ್ಲಿ 2017ರಲ್ಲಿ ಇಸ್ಲಾಮಾಬಾದ್ ಹೈಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಇದರ ಆಚರಣೆಯನ್ನೂ ಮಾಧ್ಯಮಗಳಲ್ಲಿ ಪ್ರಚಾರವನ್ನೂ ನಿಷೇಧಿಸಿತು. 2019ರಲ್ಲಿ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾನಿಲಯ ಆ ದಿನವನ್ನು ‘ಸಹೋದರಿಯರ ದಿನ’ ಎಂದು ಘೋಷಿಸಿತು. ನಮ್ಮಲ್ಲಿ 2023ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಫೆಬ್ರವರಿ 14ರಂದು ದನವನ್ನು ಅಪ್ಪಿಕೊಳ್ಳಿ ಎಂದು ಕರೆ ಕೊಟ್ಟು, ದೇಶವೆಲ್ಲ ನಗಾಡಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. ಅದೇ ದಿನ ‘ಮಾತೃ ಪಿತೃ ಪೂಜನ ದಿನ’ ಆಚರಿಸಬೇಕೆಂದು ವರ್ಷಗಟ್ಟಲೆ ಪ್ರಚಾರ ಮಾಡಿದವರು ಅಸಾರಾಂ ಬಾಪು. ಅವರೇ 2018ರ ಏಪ್ರಿಲ್‌ನಲ್ಲಿ ಅಪ್ರಾಪ್ತ ಬಾಲಕಿಯ ಮೇಲೆ ಅತ್ಯಾಚಾರ ಎಸಗಿದ ಪ್ರಕರಣದಲ್ಲಿ ಅಪರಾಧಿ ಎಂದು ಜೋಧಪುರದ ನ್ಯಾಯಾಲಯ ತೀರ್ಪು ಕೊಟ್ಟಿತು. ತಂದೆ ತಾಯಿಗೆ ಗೌರವ ಕೊಡುವುದು ಒಳ್ಳೆಯದೇ, ಅಕ್ಕತಂಗಿಯರನ್ನು ಗೌರವಿಸುವುದೂ ಒಳ್ಳೆಯದೇ. ಆದರೆ ಹದಿನೈದು ವರ್ಷದ ಮಗುವಿನ ಮನಸ್ಸಿನಲ್ಲಿ ಇರುವ ಪ್ರಶ್ನೆಗೆ ಇದ್ಯಾವುದೂ ಉತ್ತರ ಅಲ್ಲ. ದಿನದ ಹೆಸರು ಬದಲಾಗುತ್ತದೆ, ಮಗುವಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ ಪ್ರಶ್ನೆ ಇನ್ನೂ ಗಂಭೀರ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದರ ಬೆನ್ನಿಗೇ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್, ಫೆಬ್ರವರಿ 14ರಂದು ಜೋಡಿಯಾಗಿ ಸಿಕ್ಕಿದವರಿಗೆ ಮದುವೆ ಮಾಡಿಸುತ್ತೇವೆ ಎಂದು ಬೆದರಿಸಿದರು. ಪಬ್ ದಾಳಿಯ ಪ್ರಕರಣದಲ್ಲಿ ಅವರೂ ಇತರ ಆರೋಪಿಗಳೂ 2018ರಲ್ಲಿ ಖುಲಾಸೆಯಾದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬದ ಪಾರ್ಟಿಯ ಮೇಲೆ ದಾಳಿ ಆಯಿತು. 2023ರ ಜೂನ್ 1ರಂದು ಸೋಮೇಶ್ವರ ಬೀಚಿನಲ್ಲಿ ಕೇರಳ ಮೂಲದ ವಿದ್ಯಾರ್ಥಿಗಳು ಹೊಡೆತ ತಿಂದರು. ಹುಡುಗರು ಮುಸ್ಲಿಮರು, ಜೊತೆಯಲ್ಲಿದ್ದ ಗೆಳತಿಯರು ಬೇರೆ ಧರ್ಮದವರು ಎನ್ನುವುದೇ ಅಲ್ಲಿ ಕಾರಣವಾಗಿತ್ತು. ನಮ್ಮ ಹುಡುಗ ಸಹಪಾಠಿಯ ಜೊತೆ ಒಂದು ಜ್ಯೂಸ್ ಕುಡಿದರೂ ಯಾರೋ ವೀಡಿಯೊ ಮಾಡಿಯಾರು ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇರುವುದು ಸುಮ್ಮನೆ ಅಲ್ಲ.

ಆದರೆ ಇನ್ನೊಬ್ಬರ ಕಡೆ ಬೆರಳು ತೋರಿಸಿ ಸುಮ್ಮನಾದರೆ ನಾವು ಪ್ರಾಮಾಣಿಕರಾಗುವುದಿಲ್ಲ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ ಮುಸ್ಲಿಂ ಮಹಿಳೆಯೊಬ್ಬರು ಹಿಂದೂ ವ್ಯಕ್ತಿಯ ಜೊತೆ ಲಾಡ್ಜಿನಲ್ಲಿ ಇದ್ದಾರೆಂದು ಬಾಗಿಲು ತಟ್ಟಿ ಒಳಗೆ ನುಗ್ಗಿ ಹೊಡೆದವರು ನಮ್ಮದೇ ಸಮುದಾಯದವರೆಂದು ಕರೆಸಿಕೊಳ್ಳುವ ಯುವಕರು. ‘ಸಮುದಾಯದ ಮಾನ’ ಕಾಯಲು ಬಂದೆವೆಂದು ಹೇಳಿಕೊಂಡವರ ಮೇಲೆ ಅದೇ ಮಹಿಳೆಯನ್ನು ಹೊತ್ತೊಯ್ದು ಸಾಮೂಹಿಕ ಅತ್ಯಾಚಾರ ಎಸಗಿದ ಆರೋಪ ದಾಖಲಾಯಿತು. 2025ರಲ್ಲಿ ಜಾಮೀನು ಸಿಕ್ಕಿದಾಗ ಆರೋಪಿಗಳು ಮೆರವಣಿಗೆ ಹೊರಟ ವೀಡಿಯೊ ಎಲ್ಲರ ಫೋನಿಗೂ ಬಂತು. ಬುರ್ಖಾ ಹಾಕಿದ ಹುಡುಗಿ ಬೇರೆ ಹುಡುಗನ ಬೈಕಿನಲ್ಲಿ ಕುಳಿತ ಫೋಟೊ ನಮ್ಮ ಗ್ರೂಪುಗಳಲ್ಲಿ ಬಂದರೆ ‘ಯಾರ ಮಗಳು ಇದು’ ಎಂದು ಫಾರ್ವರ್ಡ್ ಮಾಡುವವರು ಎಷ್ಟು ಮಂದಿ? ಆ ಫಾರ್ವರ್ಡಿನ ಇನ್ನೊಂದು ತುದಿಯಲ್ಲಿ ಒಂದು ಗುಂಪು ಕೋಲು ಹಿಡಿದು ನಿಂತಿರಬಹುದು ಎಂದು ನಾವು ಯೋಚಿಸುವುದಿಲ್ಲ. ಇದು ಪ್ರೀತಿಯ ವಿಷಯವೇ ಅಲ್ಲದಿರಬಹುದು, ಅಣ್ಣತಂಗಿಯೂ ಇರಬಹುದು.

ಇಷ್ಟೆಲ್ಲ ಹೆದರಿಕೆ ಇರುವಾಗ ಮಕ್ಕಳು ಏನು ಮಾಡುತ್ತಾರೆ? ಗುಟ್ಟು ಮಾಡುತ್ತಾರೆ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಗುಲಾಬಿಯಿಂದ ಮಕ್ಕಳಿಗೆ ಆಗುವ ಹಾನಿ ಸಣ್ಣದು, ಗುಟ್ಟಿನಿಂದ ಆಗುವ ಹಾನಿ ಬಹಳ ದೊಡ್ಡದು.

ಇದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ‘ಲವ್ ಜಿಹಾದ್’ ಎಂಬ ಕೂಗು ಎದ್ದಿತು, ಪ್ರತಿಭಟನೆ ನಡೆಯಿತು. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮೋಹನ್ ಕುಮಾರ್ ಎಂಬ ಪ್ರಾಥಮಿಕ ಶಾಲೆಯ ಮಾಜಿ ಶಿಕ್ಷಕ, ಮುಂದೆ ‘ಸಯನೈಡ್ ಮೋಹನ್’ ಎಂದು ಕುಖ್ಯಾತನಾದವನು. ಇಪ್ಪತ್ತು ಯುವತಿಯರ ಕೊಲೆ ಪ್ರಕರಣಗಳು ಅವನ ಮೇಲೆ ದಾಖಲಾದವು, ಒಂದರ ಮೇಲೊಂದು ಪ್ರಕರಣದಲ್ಲಿ ಶಿಕ್ಷೆಯಾಯಿತು. ಅವನ ದಾರಿ ಪ್ರತಿ ಸಲವೂ ಒಂದೇ. ಬಡ ಮನೆಯ ಹುಡುಗಿಯ ಪರಿಚಯ ಮಾಡಿಕೊಳ್ಳುವುದು, ವರದಕ್ಷಿಣೆ ಬೇಡ ಮದುವೆಯಾಗುತ್ತೇನೆ ಎನ್ನುವುದು, ಮನೆಯವರಿಗೆ ಹೇಳದೆ ಚಿನ್ನ ಹಾಕಿಕೊಂಡು ಬಾ ಎನ್ನುವುದು. ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ ಹೆಣ ಸಿಗುತ್ತಿತ್ತು, ಗುರುತಿಸಲು ಯಾರೂ ಇರುತ್ತಿರಲಿಲ್ಲ. ಯಾಕೆಂದರೆ ಎಲ್ಲಿಗೆ ಹೋದಳು, ಯಾರ ಜೊತೆ ಹೋದಳು ಎಂದು ಮನೆಯಲ್ಲಿ ಗೊತ್ತೇ ಇರಲಿಲ್ಲ. ಊರಿಗೆ ಊರೇ ಧರ್ಮದ ಜಗಳದಲ್ಲಿ ಇದ್ದಾಗ ಕೊಲೆಗಾರನಿಗೆ ಅನುಕೂಲವಾದದ್ದು ಆ ಗುಟ್ಟು. ಆ ಹುಡುಗಿಯರಲ್ಲಿ ಯಾರಾದರೂ ಒಬ್ಬಳು ‘ಅಮ್ಮಾ, ಒಬ್ಬರು ಹೀಗೆ ಕೇಳಿದ್ದಾರೆ’ ಎಂದು ಹೇಳುವ ಧೈರ್ಯ ಇದ್ದ ಮನೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ.

ನಮ್ಮ ಮನೆಗಳಲ್ಲಿ ಹುಡುಗಿಯರು ಹೇಳುವುದಿಲ್ಲ ಯಾಕೆ? ಹೇಳಿದರೆ ತೆರಬೇಕಾದ ಬೆಲೆ ಅವರಿಗೆ ಗೊತ್ತು. ಫೋನಿನಲ್ಲಿ ಒಂದು ಮೆಸೇಜ್ ಸಿಕ್ಕಿದರೆ ಕಾಲೇಜು ಬಂದ್, ಆರು ತಿಂಗಳಲ್ಲಿ ಮದುವೆ. ಮೆಸೇಜ್ ಅವಳು ಕಳಿಸಿದ್ದೇ ಅಲ್ಲ, ಯಾವನೋ ಕಳಿಸಿದ್ದು ಎಂದಾದರೂ ಅಷ್ಟೆ. 2022ರ ಫೆಬ್ರವರಿ 14 ನೆನಪಿದೆಯಾ? ಹಿಜಾಬ್ ವಿವಾದದಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದ ನಂತರ ರಾಜ್ಯದ ಹೈಸ್ಕೂಲುಗಳು ಪುನಃ ತೆರೆದ ದಿನ ಅದು. ಶಾಲೆಯ ಗೇಟಿನಲ್ಲಿ ನಮ್ಮ ಮಕ್ಕಳು ತಲೆವಸ್ತ್ರ ತೆಗೆಯಬೇಕಾಗಿ ಬಂದದ್ದನ್ನು ನೋಡಿ ನಾವೆಲ್ಲ ಕಣ್ಣೀರು ಹಾಕಿದೆವು, ಹುಡುಗಿಯರ ಓದುವ ಹಕ್ಕಿನ ಬಗ್ಗೆ ಮಾತನಾಡಿದೆವು. ಸರಿಯಾದದ್ದನ್ನೇ ಮಾಡಿದೆವು. ಹೊರಗಿನವರು ಗೇಟು ಹಾಕಿದಾಗ ಅನ್ಯಾಯ ಎಂದವರು, ಒಂದು ಗುಲಾಬಿಯ ನೆಪದಲ್ಲಿ ಮನೆಯೊಳಗಿಂದ ಗೇಟು ಹಾಕಿದರೆ ಅದಕ್ಕೆ ಏನೆಂದು ಹೆಸರಿಡಬೇಕು? ‘ಏನೇ ಆದರೂ ನಿನ್ನ ಓದು ನಿಲ್ಲುವುದಿಲ್ಲ’ ಎಂಬ ಒಂದು ಮಾತನ್ನು ಈ ಫೆಬ್ರವರಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಕೊಡಿ. ಅರ್ಧ ಗುಟ್ಟು ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಮಕ್ಕಳ ಜೊತೆ ಏನು ಮಾತನಾಡುವುದು, ಹೇಗೆ ಮಾತನಾಡುವುದು? ವಯಸ್ಸಿಗೆ ತಕ್ಕ ಹಾಗೆ.

ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಇದು ಬಣ್ಣದ ಕಾಗದ, ಚಾಕಲೇಟು, ಹೃದಯದ ಚಿತ್ರ ಅಷ್ಟೆ. ಮಗು ಶಾಲೆಯಿಂದ ಒಂದು ಕಾರ್ಡು ತಂದರೆ ಹರಿದು ಹಾಕಬೇಡಿ, ಗಾಬರಿ ಬೀಳಬೇಡಿ. ‘ಯಾರು ಕೊಟ್ಟದ್ದು? ಚಂದ ಉಂಟು. ನಾವು ಈ ದಿನ ಆಚರಿಸುವುದಿಲ್ಲ ಮಗಾ, ಆದರೆ ನಿನ್ನ ಫ್ರೆಂಡ್ ನಿನಗೆ ಪ್ರೀತಿಯಿಂದ ಕೊಟ್ಟಿದ್ದಾಳೆ, ಥ್ಯಾಂಕ್ಸ್ ಹೇಳು’ ಎಂದರೆ ಸಾಕು. ಇದೇ ವಯಸ್ಸಿನಲ್ಲಿ ಇನ್ನೊಂದು ಪಾಠವೂ ಆಗಬೇಕು. ಯಾರಾದರೂ ಉಡುಗೊರೆ ಕೊಟ್ಟು ‘ಮನೆಯಲ್ಲಿ ಹೇಳಬೇಡ’ ಎಂದರೆ ಅದನ್ನು ಮೊದಲು ಹೇಳಬೇಕಾದದ್ದು ಮನೆಯಲ್ಲೇ. ಕೊಟ್ಟವರು ನೆಂಟರಾದರೂ ಸರಿ, ಕಲಿಸುವವರಾದರೂ ಸರಿ.

ಐದರಿಂದ ಏಳನೇ ತರಗತಿಯಲ್ಲಿ ಜೋಡಿ ಮಾಡಿ ತಮಾಷೆ ಮಾಡುವುದು ಶುರು. ‘ಅವಳು ನಿನ್ನ ಲೈನಾ?’ ಎಂದು ಹುಡುಗರು, ‘ಅವನು ನಿನ್ನನ್ನೇ ನೋಡುತ್ತಾನೆ’ ಎಂದು ಹುಡುಗಿಯರು. ಇದನ್ನು ಮಕ್ಕಳು ಕಲಿತದ್ದು ಎಲ್ಲಿಂದ? ಮದುವೆ ಮನೆಯಲ್ಲಿ ಹತ್ತು ವರ್ಷದ ಹುಡುಗನನ್ನು ತೋರಿಸಿ ‘ಇವನಿಗೆ ಇವಳನ್ನೇ ಕೊಡುವಾ’ ಎಂದು ನಗುವುದು ನಾವೇ ಅಲ್ವಾ? ಆ ತಮಾಷೆ ನಿಲ್ಲಲಿ. ಹುಡುಗ ಹುಡುಗಿ ಒಟ್ಟಿಗೆ ಕುಳಿತು ಲೆಕ್ಕ ಮಾಡಿದರೆ ಅದು ಲೆಕ್ಕವೇ, ಬೇರೆ ಏನೂ ಅಲ್ಲ ಎಂದು ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಗಬೇಕು.

ಎಂಟರಿಂದ ಹತ್ತನೇ ತರಗತಿಯಲ್ಲಿ ಮನಸ್ಸು ನಿಜವಾಗಿಯೂ ಅಲ್ಲಾಡುತ್ತದೆ. ಒಬ್ಬರು ಇಷ್ಟವಾಗುತ್ತಾರೆ. ಅದು ರೋಗ ಅಲ್ಲ, ಅವಮಾನವೂ ಅಲ್ಲ. ಖದೀಜಾ ಬೀವಿಯವರು ತಮಗೆ ಮೆಚ್ಚುಗೆಯಾದವರಿಗೆ ತಾವೇ ಮುಂದಾಗಿ ಗೆಳತಿಯ ಮೂಲಕ ಮದುವೆಯ ಪ್ರಸ್ತಾಪ ಕಳುಹಿಸಿದ್ದನ್ನು ನಾವು ಮದ್ರಸದಲ್ಲಿ ಅಭಿಮಾನದಿಂದ ಹೇಳಿಕೊಡುತ್ತೇವೆ. ಇಷ್ಟವಾಗುವುದು ಬೇರೆ, ಅದರ ಮೇಲೆ ಏನು ಮಾಡುತ್ತೇವೆ ಎನ್ನುವುದು ಬೇರೆ. ಮಗುವಿಗೆ ಮೊದಲನೆಯದಕ್ಕೆ ಬೈದರೆ ಎರಡನೆಯದರ ಬಗ್ಗೆ ನಮ್ಮ ಮಾತು ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ನೋವೂ ಉಂಟು, ನಾವು ಗಮನಿಸದ್ದು. ತರಗತಿಯಲ್ಲಿ ಎಲ್ಲರಿಗೂ ಗುಲಾಬಿ ಬಂದು ತನಗೆ ಮಾತ್ರ ಬರಲಿಲ್ಲವಾದರೆ ‘ನಾನು ಚಂದ ಇಲ್ಲ, ಕಪ್ಪು, ದಪ್ಪ’ ಎಂದು ಒಳಗೊಳಗೇ ಕೊರಗುವ ಮಗು. ಆ ದಿನ ಸಂಜೆ ಮಗು ಸಪ್ಪೆಯಾಗಿ ಮನೆಗೆ ಬಂದರೆ ‘ಓದು’ ಎಂದು ಗದರಬೇಡಿ. ಪಕ್ಕದಲ್ಲಿ ಕುಳಿತು ಒಂದು ಚಾ ಕುಡಿಯಿರಿ.

ಪಿಯುಸಿ ಮಕ್ಕಳಿಗೆ ಕಾನೂನು ಗೊತ್ತಿರಲೇಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಲೈಂಗಿಕ ಸಂಪರ್ಕಕ್ಕೆ ಅವರ ಒಪ್ಪಿಗೆ ಇತ್ತು ಎನ್ನುವುದು ಕಾನೂನಿನ ಎದುರು ಒಪ್ಪಿಗೆಯೇ ಅಲ್ಲ. ಹತ್ತೊಂಬತ್ತರ ಹುಡುಗ, ಹದಿನೇಳರ ಹುಡುಗಿ ‘ಪ್ರೀತಿಸಿದ್ದೇವೆ’ ಎಂದರೂ ಹುಡುಗ ಜೈಲಿಗೆ ಹೋಗಬೇಕಾಗುತ್ತದೆ. ಹುಡುಗನಿಗೂ 18 ಆಗದಿದ್ದರೆ ಬಾಲ ನ್ಯಾಯ ಮಂಡಳಿಯ ಎದುರು ನಿಲ್ಲಬೇಕಾಗುತ್ತದೆ. ಇಂಥ ಪ್ರಕರಣಗಳು ಹೆಚ್ಚುತ್ತಿರುವುದನ್ನು ಕಂಡು 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕು ಎಂದಿತು. 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರ ನಡುವಿನವರ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆಯ ಅವಕಾಶ ಕೊಡಬಹುದು ಎಂದು ಸಲಹೆ ನೀಡಿತು. ಅಂದರೆ ಕಾನೂನು ಇದ್ದ ಹಾಗೆಯೇ ಇದೆ. ನಮ್ಮ ಹುಡುಗರ ವಿಷಯದಲ್ಲಂತೂ ಪ್ರಕರಣಕ್ಕೆ ರಾಜಕೀಯದ ಬಣ್ಣ ಹಚ್ಚಲು ಕಾಯುವವರು ಬೇರೆ ಇದ್ದಾರೆ. ಹೆದರಿಸಲಿಕ್ಕೆ ಅಲ್ಲ, ಗೊತ್ತಿರಲಿ ಎಂದು ಹೇಳಬೇಕು.

ಗಂಡುಮಕ್ಕಳಿಗೆ ಇನ್ನೊಂದು ಪಾಠ ಬಾಕಿ ಇದೆ. ‘ಬೇಡ’ ಎಂದರೆ ಬೇಡ ಎಂದೇ ಅರ್ಥ ಎಂಬ ಪಾಠ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಒಂದು ತಿಂಗಳು ತುಂಬುವ ಮೊದಲೇ, ಮೇ 15ರಂದು, ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಮನೆಗೇ ನುಗ್ಗಿ ಕೊಲ್ಲಲಾಯಿತು. ಮೊದಲ ಪ್ರಕರಣದ ಆರೋಪಿ ಮುಸ್ಲಿಂ, ಎರಡನೆಯದರ ಆರೋಪಿ ಹಿಂದೂ. ರಾಜಕೀಯದವರು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರು. ಎರಡರಲ್ಲೂ ಬಂದ ಆರೋಪ ಒಂದೇ, ಹುಡುಗಿ ನಿರಾಕರಿಸಿದ್ದನ್ನು ಸಹಿಸದೆ ಚಾಕು ಎತ್ತಿದ್ದು. ಪ್ರಪೋಸ್ ಡೇ ದಿನ ಹತ್ತು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಎಲ್ಲರ ಎದುರು ಕೇಳುವುದು ಧೈರ್ಯ ಎಂದು ರೀಲ್ಸ್ ಹೇಳಿಕೊಡುತ್ತದೆ. ಅದು ಹುಡುಗಿಯನ್ನು ಮೂಲೆಗೆ ತಳ್ಳುವುದು ಎಂದು ಮನೆಯಲ್ಲಿ ಹೇಳಿಕೊಡುವವರು ಬೇಕು. ಬೇಡ ಎಂದ ಮೇಲೂ ಹಿಂದೆ ಬೀಳುವುದು, ಮತ್ತೆ ಮತ್ತೆ ಮೆಸೇಜ್ ಹಾಕುವುದು ಕಾನೂನಿನಲ್ಲಿ ಅಪರಾಧ. ಹಾಗೆಯೇ ‘ಬೇಡ’ ಎನ್ನಿಸಿಕೊಂಡು ಬಂದ ಹುಡುಗ ಅತ್ತರೆ ‘ಗಂಡಸಾಗಿ ಅಳುತ್ತೀಯಾ’ ಎಂದು ನಗಬೇಡಿ. ಮನೆಯಲ್ಲಿ ಅಳಲು ಜಾಗ ಸಿಕ್ಕಿದವನು ಹೊರಗೆ ಹೋಗಿ ಸಿಟ್ಟು ತೀರಿಸಿಕೊಳ್ಳುವ ಸಂಭವ ಕಡಿಮೆ.

ಫೋಟೊದ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ‘ನನ್ನ ಮೇಲೆ ನಂಬಿಕೆ ಇದ್ದರೆ ಒಂದು ಫೋಟೊ ಕಳಿಸು’ ಎಂಬುದು ಈ ವಾರದ ಮಾಮೂಲಿ ಬೇಡಿಕೆ. ಕೇಳುವವನು ತರಗತಿಯವನೂ ಆಗಿರಬಹುದು, ಹುಡುಗಿಯ ಹೆಸರಿನಲ್ಲಿ ಖಾತೆ ಮಾಡಿದ ವಂಚಕನೂ ಆಗಿರಬಹುದು. ಬಲೆಗೆ ಬೀಳುವವರಲ್ಲಿ ಹುಡುಗರೂ ಇದ್ದಾರೆ. ಒಮ್ಮೆ ಫೋಟೊ ಹೋದರೆ ಬೆದರಿಕೆ ಶುರು, ದುಡ್ಡಿನ ಬೇಡಿಕೆ ಶುರು. ಆಗ ಮಗುವಿಗೆ ಬರುವ ಮೊದಲ ಯೋಚನೆ ‘ಉಪ್ಪನಿಗೆ ಗೊತ್ತಾದರೆ ಕೊಂದುಬಿಡುತ್ತಾರೆ’ ಎಂದಾದರೆ ಬೆದರಿಸುವವನು ಗೆದ್ದ ಹಾಗೆ. ‘ತಪ್ಪಾಗಿದ್ದರೂ ಮೊದಲು ನನ್ನ ಹತ್ತಿರ ಬಾ. ಬೈಗುಳ ಆಮೇಲೆ ನೋಡುವಾ, ಮೊದಲು ನಿನ್ನನ್ನು ಬಿಡಿಸುತ್ತೇನೆ’ ಎಂದು ಮೊದಲೇ ಹೇಳಿಟ್ಟಿರಬೇಕು.

ಅಂಥದ್ದು ಆದರೆ ಮಾಡಬೇಕಾದದ್ದು ಇಷ್ಟು. ದುಡ್ಡು ಕೊಡಬೇಡಿ. ಬೆದರಿಕೆಯ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇದೆ. ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಲ್ಲಿ, 18 ತುಂಬುವ ಮೊದಲು ತೆಗೆದ ನಗ್ನ ಅಥವಾ ಅಶ್ಲೀಲ ಫೋಟೊ ಸಾಮಾಜಿಕ ಜಾಲತಾಣಗಳಲ್ಲಿ ಹರಡದಂತೆ, ಫೋಟೊವನ್ನು ಯಾರಿಗೂ ಕಳುಹಿಸದೆಯೇ ಕೋರಿಕೆ ಸಲ್ಲಿಸಬಹುದು. ಇನ್ನು ಇಂಥ ಫೋಟೊ ಗ್ರೂಪಿನಲ್ಲಿ ಬಂದರೆ ಫಾರ್ವರ್ಡ್ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ನಾನು ಬರೀ ನೋಡಿದ್ದು’ ಎಂಬ ಮಾತು ನಡೆಯುವುದಿಲ್ಲ.

ಗಲ್ಫಿನಲ್ಲಿರುವ ಉಪ್ಪಂದಿರಿಗೂ ಒಂದು ಮಾತು. ವಾರಕ್ಕೊಮ್ಮೆ ವೀಡಿಯೊ ಕಾಲಿನಲ್ಲಿ ಬಂದು ‘ಮಾರ್ಕ್ಸ್ ಎಷ್ಟು, ಐದು ವಕ್ತ್ ನಮಾಝ್ ಮಾಡ್ತೀಯಾ’ ಎಂದು ಕೇಳಿ ಇಡುವುದು ಸಾಲದು. ಹದಿನೈದರ ಹುಡುಗನಿಗೆ ಗಂಡಸು ಹೇಗಿರಬೇಕು ಎಂದು ಹೇಳಿಕೊಡುವ ಕೆಲಸವನ್ನು ಉಮ್ಮನ ಒಬ್ಬಳ ಹೆಗಲ ಮೇಲೆ ಹಾಕಿ ನೀವು ದೂರ ಇದ್ದೀರಿ. ನೀವೂ ಹದಿನೈದು ವರ್ಷದವರಾಗಿದ್ದಿರಿ, ನಿಮಗೂ ಯಾರೋ ಇಷ್ಟವಾಗಿದ್ದರು. ಅದನ್ನು ಒಮ್ಮೆ ಒಪ್ಪಿಕೊಂಡು ಮಾತು ಶುರು ಮಾಡಿದರೆ ಮಗ ಫೋನ್ ಕಿವಿಯಿಂದ ತೆಗೆಯುವುದಿಲ್ಲ.

ಮಸೀದಿ, ಮದ್ರಸಗಳ ಹೊಣೆಯೂ ಇಲ್ಲಿದೆ. ಫೆಬ್ರವರಿ ಎರಡನೇ ವಾರದ ಜುಮಾ ಭಾಷಣದಲ್ಲಿ ಕೆಲವೆಡೆ ಈ ದಿನದ ಖಂಡನೆ ಇರುತ್ತದೆ. ಖಂಡಿಸುವುದು ಸುಲಭ. ಪ್ರವಾದಿಯವರ(ಸ) ಬಳಿ ಒಬ್ಬ ಯುವಕ ಬಂದು ವ್ಯಭಿಚಾರಕ್ಕೆ ಅನುಮತಿ ಕೊಡಿ ಎಂದು ನೇರವಾಗಿ ಕೇಳಿದ ಘಟನೆಯನ್ನು ನಮ್ಮ ಉಸ್ತಾದರು ಬಲ್ಲರು. ಸುತ್ತ ಇದ್ದವರು ಗದರಿದರು. ಪ್ರವಾದಿಯವರು ಮಾತ್ರ ಅವನನ್ನು ಹತ್ತಿರ ಕರೆದು ಕುಳ್ಳಿರಿಸಿದರು. ನಿನ್ನ ತಾಯಿಯ ವಿಷಯದಲ್ಲಿ, ಮಗಳ ವಿಷಯದಲ್ಲಿ, ತಂಗಿಯ ವಿಷಯದಲ್ಲಿ ಯಾರಾದರೂ ಹೀಗೆ ಬಯಸಿದರೆ ನಿನಗೆ ಹೇಗಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಅವನೇ ಬೇಡ ಎಂದ. ಕೊನೆಗೆ ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂಥ ಪ್ರಶ್ನೆಯನ್ನೂ ಕೇಳಬಹುದಾದ ಜಾಗ ಅದಾಗಿತ್ತು. ನಮ್ಮ ಹುಡುಗರು ಅದರ ಅರ್ಧದಷ್ಟು ಪ್ರಶ್ನೆಯನ್ನಾದರೂ ಕೇಳುವ ಧೈರ್ಯ ಮಾಡುವ ಜಾಗ ನಮ್ಮ ಜಮಾಅತಿನಲ್ಲಿ ಉಂಟಾ? ಹುಡುಗಿಯರಿಗೆ ಅಂಥ ಜಾಗ ಬೇಕಾದರೆ ಕಲಿತ ಮಹಿಳೆಯರೇ ಮುಂದೆ ಬರಬೇಕು. ಸಮುದಾಯದಲ್ಲಿ ಈಗ ಮನೋವೈದ್ಯರು, ಆಪ್ತಸಲಹೆಗಾರರು, ವಕೀಲೆಯರು ಇದ್ದಾರೆ. ವರ್ಷಕ್ಕೊಂದು ದಿನ ಹೈಸ್ಕೂಲು, ಪಿಯುಸಿ ಮಕ್ಕಳನ್ನೂ ಹೆತ್ತವರನ್ನೂ ಕುಳ್ಳಿರಿಸಿ ಅವರಿಂದ ಮಾತನಾಡಿಸಲು ದೊಡ್ಡ ಖರ್ಚೇನೂ ಇಲ್ಲ. ಫೆಬ್ರವರಿ ಮೊದಲ ಭಾನುವಾರ ಅದಕ್ಕೆ ಒಳ್ಳೆಯ ದಿನ.

ಈಗ ಮೊದಲಿನ ಪ್ರಶ್ನೆಗೆ ಬರುವಾ. ಮಗಳ ಬ್ಯಾಗಿನಲ್ಲಿ ಗುಲಾಬಿ ಸಿಕ್ಕಿತು. ಎಂಥ ಮಾಡುವುದು? ಮೊದಲನೆಯದಾಗಿ, ಕೂಗಬೇಡಿ. ಅಣ್ಣನಿಗೆ, ಮಾವನಿಗೆ ಫೋನ್ ಮಾಡಬೇಡಿ. ಅವಳು ಊಟ ಮಾಡಿ ಆಗಲಿ. ಆಮೇಲೆ ಒಬ್ಬರೇ ಹತ್ತಿರ ಕುಳಿತು ‘ಇದು ಯಾರು ಕೊಟ್ಟದ್ದು, ನಿನಗೆ ಏನನ್ನಿಸಿತು’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನೆ ಕುಳಿತು ಪೂರ್ತಿ ಕೇಳಿಸಿಕೊಳ್ಳಿ. ಅವಳು ಬೇಡವೆಂದರೂ ಯಾರೋ ಬ್ಯಾಗಿಗೆ ಹಾಕಿ ಹೋಗಿರಬಹುದು, ಗೆಳತಿ ತಮಾಷೆಗೆ ಕೊಟ್ಟಿರಬಹುದು, ನಿಜವಾಗಿಯೂ ಮನಸ್ಸಿನಲ್ಲಿ ಒಬ್ಬ ಇರಬಹುದು. ಮೂರಕ್ಕೂ ಮುಂದಿನ ಹೆಜ್ಜೆ ಬೇರೆ ಬೇರೆ. ಯಾವುದೆಂದು ಗೊತ್ತಾಗಬೇಕಾದರೆ ಅವಳು ಹೇಳಬೇಕು, ಅವಳು ಹೇಳಬೇಕಾದರೆ ನಾವು ಹೆದರಿಸಬಾರದು.

ಗುಲಾಬಿ ಎರಡು ದಿನದಲ್ಲಿ ಬಾಡುತ್ತದೆ. ಮಾರ್ಚಿನಲ್ಲಿ ಅವಳಿಗೆ ಪರೀಕ್ಷೆ ಇದೆ. ಅವಳು ಪರೀಕ್ಷೆ ಬರೆಯಲಿ.